ಪ್ರಾಕ್ಸಿ ಸರ್ವರ್: ಒಂದು ಪರಿಚಯ

‘ಪ್ರಾಕ್ಸಿ’ ಎಂಬ ಆಂಗ್ಲ ಪದಕ್ಕೆ ಮತ್ತೊಬ್ಬರ ಪರವಾಗಿ ನಿಲ್ಲುವವನೆಂದು ಅರ್ಥ. ಗೈರುಹಾಜರಾದ ಗೆಳೆಯನ ಹೆಸರಿಗೆ ತಾನು ಓಗೊಡುವುದನ್ನೂ ಕಾಲೇಜು ವಿದ್ಯಾರ್ಥಿಗಳು ಹೀಗೆಯೇ ಕರೆಯುವರು. ಆ ವಿದ್ಯೆ ಇಲ್ಲಿ ಬೇಡ. ಹಿಂದೆ ಕಾಫಿ ತೋಟಗಳಲ್ಲಿ ಎಲ್ಲರ ಕಾಗದಗಳನ್ನೂ ಟಪಾಲಿನ ಆಳೊಬ್ಬನೇ ಅಂಚೆಕಚೇರಿಗೆ ಒಯ್ದು, ಬಂದ ಉತ್ತರಗಳನ್ನು ತರುತ್ತಿದ್ದನು. ಪ್ರಾಕ್ಸಿ ಸರ್ವರ್ ಮಾಡುವುದೂ ಅದನ್ನೇ. ಶಾಲೆಯ ಗಣಕಯಂತ್ರಗಳ ಕೋರಿಕೆಗಳೆಲ್ಲ ಅದರ ಮೂಲಕ ಸಾಗುವುವು. ಹೊರಜಗತ್ತಿಗೆ ತೋರುವುದು ಅದರ ವಿಳಾಸ ಮಾತ್ರ.

ಫೈರ್‌ಫಾಕ್ಸ್ ಬ್ರೌಸರಿನ ‘ಸೆಟ್ಟಿಂಗ್ಸ್’ನಲ್ಲಿ ‘ನೆಟ್‌ವರ್ಕ್ ಸೆಟ್ಟಿಂಗ್ಸ್’ ತೆರೆದು, ‘ಮ್ಯಾನ್ಯುಅಲ್ ಪ್ರಾಕ್ಸಿ ಕಾನ್ಫಿಗರೇಷನ್’ ಆರಿಸಿ, ಸರ್ವರಿನ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ತುಂಬಬೇಕು. ವಿಳಾಸವು ಮನೆಯಾದರೆ ಪೋರ್ಟ್ ಅದರ ಬಾಗಿಲು. 1996ರಲ್ಲಿ ಹೊರಬಂದ ‘ಸ್ಕ್ವಿಡ್’ ಎಂಬ ಉಚಿತ ತಂತ್ರಾಂಶವಿರುವಲ್ಲಿ ಸಾಮಾನ್ಯವಾಗಿ ಆ ಸಂಖ್ಯೆ 3128. ಎಚ್‌ಟಿಟಿಪಿಎಸ್‌ಗೂ ಇದನ್ನೇ ಬಳಸುವಂತೆ ಸೂಚಿಸುವ ಚೌಕವನ್ನು ಗುರುತಿಸಲು ಮರೆಯಬಾರದು.

ಈಗ ಮುಖ್ಯ ವಿಚಾರ. ಟಪಾಲಿನ ಆಳು ಕಾರ್ಡನ್ನು ಓದಬಲ್ಲನು; ಅಂಟಿಸಿದ ಲಕೋಟೆಯಾದರೆ ಮೇಲಿನ ವಿಳಾಸವನ್ನಷ್ಟೇ ಬಲ್ಲನು. ಎಚ್‌ಟಿಟಿಪಿ ಕಾರ್ಡಿದ್ದಂತೆ, ಎಚ್‌ಟಿಟಿಪಿಎಸ್ ಲಕೋಟೆಯಿದ್ದಂತೆ. ನಾವು ಯಾವ ತಾಣಕ್ಕೆ ಹೋದೆವೆಂಬುದು ಎರಡರಲ್ಲಿಯೂ ಪ್ರಾಕ್ಸಿಗೆ ತಿಳಿಯುವುದು. ಆದುದರಿಂದ ಅಪರಿಚಿತರು ಉಚಿತವಾಗಿ ನೀಡುವ ಪ್ರಾಕ್ಸಿಯನ್ನು ನಂಬಿ ಬ್ಯಾಂಕಿನ ವ್ಯವಹಾರ ನಡೆಸುವುದು ಅವಿವೇಕ. ಅದು ತನ್ನದೊಂದು ಪ್ರಮಾಣಪತ್ರವನ್ನು ನಮ್ಮ ಬ್ರೌಸರಿನಲ್ಲಿ ಸ್ಥಾಪಿಸೆಂದು ಕೇಳಿದರೆ, ಲಕೋಟೆಯನ್ನು ಒಡೆಯಲು ಅಪ್ಪಣೆ ಬೇಡಿದಂತೆಯೇ ಸರಿ.

ಶಾಲೆಯ ಲ್ಯಾಪ್‌ಟಾಪನ್ನು ಕಳಸಕ್ಕೋ ಮೂಡಿಗೆರೆಗೋ ಮನೆಗೆ ಒಯ್ದವರು ‘ನೋ ಪ್ರಾಕ್ಸಿ’ ಎಂದು ಬದಲಿಸಿಕೊಳ್ಳಬೇಕು. ಇಲ್ಲವಾದರೆ ಯಾವ ಪುಟವೂ ತೆರೆಯದು. ಅಪವಾದ ಮಾತ್ರ ಮಲೆನಾಡಿನ ಮಳೆಗೆ ಬರುವುದು.