ವಿಶ್ವದ ವಿಸ್ತಾರವೂ ಅದರ ವೇಗವೂ

ಮೇಲಕ್ಕೆಸೆದ ಕಲ್ಲು ಏರುತ್ತ ಏರುತ್ತ ವೇಗಗುಂದುವುದು ಸರ್ವರಿಗೂ ವಿದಿತವಾದ ಸಂಗತಿ. ವಿಶ್ವದ ವಿಸ್ತಾರವೂ ಹಾಗೆಯೇ ಮಂದವಾಗುತ್ತಿರಬೇಕೆಂದು ವಿಜ್ಞಾನಿಗಳು ಬಹುಕಾಲ ಭಾವಿಸಿದ್ದರು. ದ್ರವ್ಯವು ದ್ರವ್ಯವನ್ನು ಆಕರ್ಷಿಸುವುದಷ್ಟೆ.

ವಿಶ್ವವು ಹಿಗ್ಗುತ್ತಿದೆಯೆಂಬುದನ್ನು ಬೆಲ್ಜಿಯಂ ದೇಶದ ಪಾದ್ರಿಯೂ ಗಣಿತಜ್ಞನೂ ಆದ ಲೆಮೈತ್ರನು 1927ರಲ್ಲಿ ಪ್ರತಿಪಾದಿಸಿದನು. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ಲನು, ದೂರ ಹೆಚ್ಚಿದಷ್ಟೂ ಗೆಲಾಕ್ಸಿಗಳು ಹೆಚ್ಚು ವೇಗದಿಂದ ಅಗಲುತ್ತಿರುವುದನ್ನು ತೋರಿಸಿದನು. ಆದರೆ ಅವನು ಎಣಿಸಿದ ದರ ಅತಿಯಾಗಿತ್ತು. ಅದನ್ನು ನಂಬಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವಾಗಿ, ಭೂಮಿಗಿಂತ ವಿಶ್ವವೇ ಕಿರಿದೆನ್ನಬೇಕಾಗುತ್ತಿತ್ತು. ಮಗಳಿಗಿಂತ ತಾಯಿ ಕಿರಿಯಳಾಗುವುದುಂಟೆ? 1952ರಲ್ಲಿ ವಾಲ್ಟರ್ ಬಾಡೆಯು ದೂರದ ಅಳತೆಯನ್ನು ತಿದ್ದಿದ ಮೇಲೆ ಈ ತೊಡಕು ಸಡಿಲತೊಡಗಿತು. ಇಂದಿನ ಗಣನೆಯಂತೆ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ.

ಇರುಳಿನಲ್ಲಿ ದೂರದ ಊರಿನ ದೀಪದ ಮಿಣುಕನ್ನು ಕಂಡು ಪಯಣಿಗನು ದಾರಿಯ ಉದ್ದವನ್ನು ಊಹಿಸುತ್ತಾನೆ. ಪ್ರಭೆ ಇಷ್ಟೆಂದು ಗೊತ್ತುಮಾಡಬಲ್ಲ ಒಂದು ಜಾತಿಯ ಸ್ಫೋಟಕ ನಕ್ಷತ್ರಗಳನ್ನು ಖಗೋಳಜ್ಞರು ಇಂಥ ದೀಪಗಳಾಗಿ ಬಳಸುತ್ತಾರೆ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇವನ್ನು ಪರೀಕ್ಷಿಸಿದಾಗ, ಅವು ನಿರೀಕ್ಷೆಗಿಂತ ಮಂಕಾಗಿ, ಎಂದರೆ ಇನ್ನೂ ದೂರದಲ್ಲಿ ಕಂಡವು. ವಿಸ್ತಾರವು ಕುಂದುವುದಕ್ಕೆ ಬದಲಾಗಿ ತ್ವರೆಗೊಳ್ಳುತ್ತಿದ್ದಿತು! ಪರ್ಲ್‌ಮಟರ್, ಶ್ಮಿಟ್, ರೀಸ್ ಎಂಬ ಮೂವರಿಗೆ ಇದಕ್ಕಾಗಿ 2011ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಕಲ್ಲಿನ ಉಪಮೆ ಸುಳ್ಳೆ? ಪೂರ್ತಿ ಸುಳ್ಳಲ್ಲ. ಮೊಟ್ಟಮೊದಲ ಕ್ಷಣದ ವಿಚಾರ ಬೇರೆ. ಅನಂತರದ ದೀರ್ಘಕಾಲ ದ್ರವ್ಯವು ದಟ್ಟವಾಗಿದ್ದು, ಅದರ ಸೆಳೆತವು ವಿಸ್ತಾರವನ್ನು ಹಿಡಿದೆಳೆಯುತ್ತಿದ್ದಿತು. ಅವಕಾಶವು ಹಿಗ್ಗಿದಂತೆ ದ್ರವ್ಯ ತೆಳುವಾಯಿತು. ಅವಕಾಶದಲ್ಲಿಯೇ ಅಡಗಿದೆಯೆಂದು ಊಹಿಸಲಾದ, 'ಕಪ್ಪುಶಕ್ತಿ'ಯೆಂದು ಕರೆಯಲ್ಪಡುವ ತತ್ತ್ವವಾದರೋ ಹಾಗೆ ತೆಳುವಾಗಲಿಲ್ಲ. ಸುಮಾರು 500-600 ಕೋಟಿ ವರ್ಷಗಳ ಹಿಂದೆ ಅದರ ಕೈ ಮೇಲಾಯಿತು.

ಇಲ್ಲಿ ಒಂದು ಶಂಕೆಯುಂಟು. ವಿಸ್ತಾರದ ದರವು ಇಂದಿಗೂ ಇಳಿಯುತ್ತಿದೆಯೆಂದೂ ಪಂಡಿತರು ಹೇಳುತ್ತಾರೆ. ವೇಗ ಏರುವುದು, ದರ ಇಳಿಯುವುದು, ಇವೆರಡೂ ಕೂಡುವುದೆಂತು? ಚಕ್ರಬಡ್ಡಿಯ ಲೆಕ್ಕ ಬಲ್ಲ ಗೃಹಸ್ಥರಿಗೆ ಇದು ಕಠಿಣವಲ್ಲ. ಬಡ್ಡಿಯ ದರ ತುಸು ಇಳಿದರೂ, ಗಂಟು ಬೆಳೆದಿದ್ದರೆ ವರ್ಷದ ಬಡ್ಡಿಯ ಮೊತ್ತ ಏರಬಹುದು. ಅಂತೆಯೇ ಒಂದು ಗೆಲಾಕ್ಸಿಯ ದೂರವು ಬೆಳೆದಂತೆ ಅದು ಅಗಲುವ ವೇಗವೂ ಏರುತ್ತದೆ.

ಈಗಿನ ದರವೆಷ್ಟೆಂಬಲ್ಲಿ ಮಾತ್ರ ವಿವಾದ ತೀರಿಲ್ಲ. ಸುಮಾರು 32 ಲಕ್ಷ 60 ಸಾವಿರ ಜ್ಯೋತಿರ್ವರ್ಷಗಳ ದೂರಕ್ಕೆ ಸೆಕೆಂಡಿಗೆ 67 ಕಿಲೋಮೀಟರೆಂದು ವಿಶ್ವದ ಆದಿಮ ಬೆಳಕಿನ ಅಧ್ಯಯನವೂ, 73ರ ಸಮೀಪವೆಂದು ಸ್ಫೋಟಕ ನಕ್ಷತ್ರಗಳ ಅಳತೆಯೂ ನುಡಿಯುತ್ತಿವೆ. ಮೇಲಾಗಿ ಕಪ್ಪುಶಕ್ತಿಯೇ ಕ್ಷೀಣಿಸುತ್ತಿರಬಹುದೆಂಬ ಸೂಚನೆಯನ್ನು ಅಮೆರಿಕದ ಕಿಟ್ ಪೀಕ್ ಶಿಖರದ 'ಡೆಸಿ' ಯಂತ್ರದ ಫಲಿತಾಂಶಗಳು 2024ರಲ್ಲಿಯೂ 2025ರಲ್ಲಿಯೂ ಕೊಟ್ಟವು. ಅದನ್ನು ಸಿದ್ಧಾಂತವೆನ್ನಲು ಸಾಕಷ್ಟು ಪ್ರಮಾಣ ಇನ್ನೂ ಒದಗಿಲ್ಲ.