ಉಬ್ಬದ ಕೆಪಾಸಿಟರನ್ನೂ ನಂಬಬೇಡ

ಪ್ರೀತಿಯ ತಮ್ಮಾ,

ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ ರಿಪೇರಿ ಅಂಗಡಿ ಇಡುತ್ತೇನೆ ಎಂದೆಯಲ್ಲ, ಸಂತೋಷ. ಆಟಿ ತಿಂಗಳ ಮಳೆಯಲ್ಲಿ ಬಾಗಿಲು ತೆರೆದರೆ ಕೆಲಸಕ್ಕೆ ಬರವಿಲ್ಲ. "ಬೆಳಿಗ್ಗೆ ಟಿವಿ ಆನ್ ಆಗುವುದಿಲ್ಲ, ಕೆಂಪು ದೀಪ ಮಿಣುಕುತ್ತದೆ, ಅರ್ಧ ಗಂಟೆ ಬಿಟ್ಟರೆ ತನ್ನಷ್ಟಕ್ಕೆ ಬರುತ್ತದೆ" ಎನ್ನುವ ಗಿರಾಕಿ ಬಂದೇ ಬರುತ್ತಾರೆ. ಬೋರ್ಡ್ ಹೋಗಿದೆ ಎಂದುಬಿಡಬೇಡ ಮಾರಾಯ. ಒಳಗಿನ ದ್ರವ ಒಣಗಿದ ಇಲೆಕ್ಟ್ರೊಲೈಟಿಕ್ ಕೆಪಾಸಿಟರ್ ತಣ್ಣಗಿದ್ದಾಗಲೇ ಹಠ ಮಾಡುವುದು. ಬಿಸಿಯೇರಿದಂತೆ ಅದರ ಒಳರೋಧ (ಇಎಸ್‌ಆರ್) ಇಳಿಯುತ್ತದೆ.

ಕವರ್ ಬಿಚ್ಚಿದ ಕೂಡಲೇ ಕೈ ಹಾಕಬೇಡ. ಪ್ಲಗ್ ತೆಗೆದ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ಡಿಸಿ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೌರ್ಯ ಬೇಡ. 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಎರಡು ವಯರ್ ತಾಗಿಸಿ ಖಾಲಿ ಮಾಡು, ಮೀಟರ್ ಇಟ್ಟು ಸೊನ್ನೆ ಬಂತೋ ನೋಡು.

ತಲೆ ಉಬ್ಬಿದ್ದು, ಸೋರಿದ್ದು ಕಣ್ಣಿಗೇ ಕಾಣುತ್ತದೆ. ಕಷ್ಟ ಕೊಡುವುದು ತಲೆ ಚಪ್ಪಟೆಯಾಗಿಯೇ ಇರುವಂಥದ್ದು. 1000 ಮೈಕ್ರೋಫ್ಯಾರಡ್, 16 ವೋಲ್ಟಿನದೊಂದನ್ನು ಬಿಚ್ಚಿ ಮಲ್ಟಿಮೀಟರಿಗೆ ಹಿಡಿದೆ ಎಂದುಕೋ. 930 ತೋರಿಸಿತು. ±20% ಟಾಲರೆನ್ಸಿನಲ್ಲಿ ಅದು ಪಾಸು. ಅದನ್ನೇ ಇಎಸ್‌ಆರ್ ಮೀಟರಿಗೆ ಹಿಡಿದರೆ 4 ಓಮ್! ಇರಬೇಕಾದದ್ದು 0.1ರ ಆಸುಪಾಸು. ಮಲ್ಟಿಮೀಟರ್ ನಿಧಾನವಾಗಿ ತುಂಬಿಸಿ ಅಳೆಯುತ್ತದೆ. ಪವರ್ ಸಪ್ಲೈ ಸೆಕೆಂಡಿಗೆ ಸಾವಿರಾರು ಸಲ ತುಂಬಿ ಖಾಲಿ ಮಾಡುತ್ತದೆ. ಇಎಸ್‌ಆರ್ ಮೀಟರಿನ ಪರೀಕ್ಷೆ ಸಾಮಾನ್ಯವಾಗಿ 100 ಕಿಲೋಹರ್ಟ್ಸ್‌ನಲ್ಲಿ, ಅದೂ ತೀರಾ ಕಡಿಮೆ ವೋಲ್ಟೇಜಿನಲ್ಲಿ. ಹಾಗಾಗಿ ಡಯೋಡುಗಳು ಎಚ್ಚರಾಗುವುದಿಲ್ಲ, ಬೋರ್ಡಿನಲ್ಲಿದ್ದಂತೆಯೇ ಅಳೆಯಬಹುದು. ಆದರೆ ಶಾರ್ಟ್ ಆದ ಕೆಪಾಸಿಟರ್ ಈ ಮೀಟರಿಗೆ ಬಲು ಒಳ್ಳೆಯದಾಗಿ ಕಾಣುತ್ತದೆ. ಮೊದಲು ಓಮ್ ರೇಂಜಿನಲ್ಲಿ ನೋಡಿಕೋ. ಪಕ್ಕದಲ್ಲಿ ಪ್ಯಾರಲಲ್ ಆಗಿ ಇನ್ನೊಂದು ಒಳ್ಳೆಯದಿದ್ದರೂ ಕೆಟ್ಟದ್ದು ಅದರ ಮರೆಯಲ್ಲಿ ಅಡಗುತ್ತದೆ. ಸಂಶಯ ಬಂದರೆ ಒಂದು ಕಾಲು ಬಿಚ್ಚು.

ಮೀಟರ್ ಇಲ್ಲದ ದಿನ ಹೇರ್ ಡ್ರೈಯರ್ ಸಾಕು. ತಣ್ಣಗಿನ ಸೆಟ್ಟಿನಲ್ಲಿ ಒಂದೊಂದೇ ಕೆಪಾಸಿಟರಿಗೆ ಬಿಸಿಗಾಳಿ ಊದು, ಆಮೇಲೆ ಆನ್ ಮಾಡು. ಯಾವುದು ಬೆಚ್ಚಗಾದಾಗ ಸೆಟ್ ಎದ್ದಿತೋ ಅದೇ ಕಳ್ಳ.

ಇನ್ನು ನಮ್ಮ ಮಂಗಳೂರಿನ ತಾಪತ್ರಯ. ಕೆಪಾಸಿಟರ್ ಅಲುಗದಂತೆ ಕಂಪನಿಯವರು ಬುಡಕ್ಕೆ ಹಚ್ಚುವ ಹಳದಿ ಅಂಟು ಕೆಲವು ಸೆಟ್ಟುಗಳಲ್ಲಿ ಕಾಲ ಕಳೆದಂತೆ ಕಂದಾಗಿ, ತೇವ ಹೀರಿ ಕರೆಂಟ್ ದಾಟಿಸತೊಡಗುತ್ತದೆ. ಕಡಲ ಗಾಳಿಯ ಉಪ್ಪು ಬೋರ್ಡಿನ ಮೇಲೆ ಕೂತರೂ ಅದೇ ಕತೆ. ಕೆಪಾಸಿಟರ್ ಬದಲಿಸಿ ದೋಷ ಹೋಗಲಿಲ್ಲವೆಂದರೆ ಅಂಟು ಕೆರೆದು, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಬ್ರಶ್ಶಿನಲ್ಲಿ ತೊಳೆದು, ಒಣಗಿಸಿ ನೋಡು. ಸೋರಿದ ಕೆಲವು ಕೆಪಾಸಿಟರುಗಳಿಗೆ ಸೋಲ್ಡರಿಂಗ್ ಐರನ್ ತಾಗಿದರೆ ಮೀನಿನ ವಾಸನೆ ಬರುತ್ತದೆ. ಬಂದರಿನ ಬದಿಯಲ್ಲಿ ಅಂಗಡಿ ಇಟ್ಟರೆ ಈ ಪರೀಕ್ಷೆ ನಿನಗೆ ನಡೆಯಲಿಕ್ಕಿಲ್ಲ.

ಫ್ಯಾನಿನ ಲೆಕ್ಕ ಬೇರೆ. ಅದರದ್ದು ಫಿಲ್ಮ್ ಕೆಪಾಸಿಟರ್, ಅಲ್ಲಿ ಮೈಕ್ರೋಫ್ಯಾರಡ್ಡೇ ಮುಖ್ಯ. 2.5 ಇರಬೇಕಾದಲ್ಲಿ 1.6 ತೋರಿಸಿದರೆ ಫ್ಯಾನ್ ನಿಧಾನವಾದದ್ದು ಅದಕ್ಕೇ. ವೈಂಡಿಂಗ್ ಸುಟ್ಟಿದೆ ಎಂದು ಗಿರಾಕಿಯನ್ನು ಹೆದರಿಸಬೇಡ.

ಇಲೆಕ್ಟ್ರೊಲೈಟಿಕ್ ಬದಲಿಸುವಾಗ 105 ಡಿಗ್ರಿ ಸೆಲ್ಸಿಯಸ್ ತಾಳುವುದನ್ನೇ ಹಾಕು, ವೋಲ್ಟೇಜ್ ಕಡಿಮೆ ಮಾಡಬೇಡ. 10 ಡಿಗ್ರಿ ತಂಪಾಗಿದ್ದರೆ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಹೀಟ್ ಸಿಂಕಿಗೆ ತಾಗಿಸಿ ಕೂರಿಸಬೇಡ. ಹೊಸದನ್ನೂ ಹಾಕುವ ಮೊದಲು ಅಳೆ, ನಕಲಿ ಮಾಲು ಬೇಕಾದಷ್ಟಿದೆ. ಅದರ ಮೈಮೇಲೆ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆ. ತೆಗೆದ ಹಳೆಯದನ್ನು ಬಿಲ್ಲಿನ ಜೊತೆ ಗಿರಾಕಿಯ ಕೈಗೆ ಕೊಡು.

ನಿನ್ನ ಹಿತೈಷಿ,
ಹಳೇ ರೇಡಿಯೋ ಮೆಕ್ಯಾನಿಕ್