ಹೊಟ್ಟೆಪಾಡಿಗಾಗಿ ಹೊರಟವರ ಮಕ್ಕಳು

ಭೂಗೋಳದ ಪಾಠದಲ್ಲಿ ಸ್ಪೇನ್ ದೇಶವು ಬಂದಾಗ ಕಿತ್ತಿಳೆ, ಆಲಿವ್ ಎಣ್ಣೆ, ದ್ರಾಕ್ಷಾರಸ ಮುಂತಾದ ರಫ್ತಿನ ಸಾಮಗ್ರಿಗಳನ್ನು ಬಾಲಿಕೆಯರು ಬಾಯಿಪಾಠವಾಗಿ ಒಪ್ಪಿಸುವರು. ಆ ದೇಶವು ಒಂದು ಕಾಲದಲ್ಲಿ ತನ್ನ ಜನರನ್ನೇ ಲಕ್ಷಗಟ್ಟಲೆಯಾಗಿ ಹೊರಗೆ ಕಳುಹಿಸಿತೆಂಬುದನ್ನು ನಾವು ಹೇಳಿಕೊಡುವುದು ಅಪರೂಪ. ಆ ಕೊರತೆಯನ್ನು ಇಲ್ಲಿ ಸ್ವಲ್ಪಮಟ್ಟಿಗೆ ತುಂಬಲಿಚ್ಛಿಸುತ್ತೇವೆ.

1936ರಿಂದ 1939ರ ವರೆಗೆ ಅಲ್ಲಿ ಅಂತರ್ಯುದ್ಧವು ನಡೆದು, ಗೆದ್ದವನಾದ ಜನರಲ್ ಫ್ರಾಂಕೋ 1975ರಲ್ಲಿ ಮರಣಹೊಂದುವ ತನಕ ಸರ್ವಾಧಿಕಾರಿಯಾಗಿ ಆಳಿದನು. ಸ್ವತಂತ್ರ ಕಾರ್ಮಿಕ ಸಂಘಗಳಿಗೆ ಎಡೆಯಿರಲಿಲ್ಲ. ಯುದ್ಧಾನಂತರ ಸಾವಿರಾರು ಉಪಾಧ್ಯಾಯರನ್ನು ವಿಚಾರಣೆಗೊಳಪಡಿಸಿ, ಅನೇಕರನ್ನು ಕೆಲಸದಿಂದ ತೆಗೆದುಹಾಕಿದರು. ನಮ್ಮ ವೃತ್ತಿಯವರಿಗೆ ಇದು ಮರೆಯತಕ್ಕ ಮಾತಲ್ಲ. ಆಂಡಲೂಸಿಯ, ಎಸ್ತ್ರೆಮದೂರ ಸೀಮೆಗಳಲ್ಲಿ ಭೂಮಿಯ ಬಹುಪಾಲು ದೊಡ್ಡ ಜಮೀನುದಾರರದಾಗಿತ್ತು, ಉಳಿದವರು ದಿನಗೂಲಿಯವರು. ಗಲೀಸಿಯ ಸೀಮೆಯಲ್ಲಾದರೋ ಹೊಲಗಳು ಪಾಲಾಗಿ ಪಾಲಾಗಿ ಒಂದು ಸಂಸಾರಕ್ಕೂ ಸಾಲದಾಗಿದ್ದವು. 1959ರಲ್ಲಿ ಸರಕಾರವು ಹಣದ ಮುಗ್ಗಟ್ಟನ್ನು ಸರಿಪಡಿಸಲು ಕಠಿಣವಾದ ಯೋಜನೆಯನ್ನು ಕೈಕೊಂಡಾಗ ಕೂಲಿಯು ಏರದೆ, ಕೆಲಸವೂ ಸಿಗದೆ ಬಡವರು ಕಂಗಾಲಾದರು.

ಆಗ ಸರಕಾರವೇ ಬಾಗಿಲನ್ನು ತೆರೆಯಿತು. ವಲಸೆಯ ಇಲಾಖೆಯು 1956ರಲ್ಲಿಯೇ ಹುಟ್ಟಿತ್ತು. 1960ರಲ್ಲಿ ಪಶ್ಚಿಮ ಜರ್ಮನಿಯ ಸಂಗಡಲೂ 1961ರಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್ ದೇಶಗಳ ಸಂಗಡಲೂ ಒಡಂಬಡಿಕೆಗಳಾದವು. 1973ರೊಳಗೆ ಹತ್ತು ಲಕ್ಷಕ್ಕೂ ಮೀರಿದ ಜನರು ಯುರೋಪಿನ ಬೇರೆ ದೇಶಗಳಿಗೆ ದುಡಿಯಲು ಹೋದರು. ಅವರು ಮನೆಗೆ ಕಳುಹಿಸಿದ ಹಣವೂ ಪ್ರವಾಸಿಗಳು ತಂದ ಹಣವೂ ಕೂಡಿ ಸ್ಪೇನಿನ ಹೊಸ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳ ಬೆಲೆಯನ್ನು ಬಹುಮಟ್ಟಿಗೆ ತೆತ್ತವು. ಊರಲ್ಲಿ ಅನ್ನವಿಲ್ಲದವರ ಬೆವರಿನಿಂದಲೇ ಊರು ಉದ್ಧಾರವಾಯಿತೆನ್ನಬೇಕು.

ಹೊರಡುವುದಕ್ಕೆ ಮುಂಚೆ ವೈದ್ಯರು ಒಬ್ಬೊಬ್ಬರ ಹಲ್ಲು, ಎದೆಗಳನ್ನು ಪರೀಕ್ಷಿಸುತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಇರೂನ್ ಎಂಬ ಗಡಿಯೂರಿನ ವರೆಗೆ ಬಂದವರು ಅಲ್ಲಿ ಗಾಡಿಯನ್ನು ಬದಲಾಯಿಸಬೇಕಾಗಿತ್ತು. ಸ್ಪೇನಿನ ರೈಲು ಹಳಿಗಳ ಅಗಲವು ಫ್ರಾನ್ಸಿನದಕ್ಕಿಂತ ಹೆಚ್ಚು. ಹೊರಟವರೆಲ್ಲರೂ ಗಂಡಸರೆಂದು ಎಣಿಸಬೇಡಿರಿ. ಆ ಕಾಲದ ಕಾನೂನಿನಂತೆ ವಿವಾಹಿತೆಯು ಗಂಡನ ಒಪ್ಪಿಗೆಯಿಲ್ಲದೆ ಕೆಲಸಕ್ಕೆ ಸೇರಲಾಗುತ್ತಿರಲಿಲ್ಲ. ಆ ಕಟ್ಟು 1975ರ ವರೆಗೂ ಇತ್ತು. ಆದಾಗ್ಯೂ ಸಾವಿರಾರು ಸ್ತ್ರೀಯರು ಜರ್ಮನಿಯ ಕಾರ್ಖಾನೆಗಳನ್ನು ಸೇರಿದರು. ಪ್ಯಾರಿಸ್ ನಗರದ ಧನಿಕರ ಮನೆಗಳಲ್ಲಿ ಕೆಲಸಕ್ಕಿದ್ದು, ಮಾಳಿಗೆಯ ಮೇಲಣ ಇಕ್ಕಟ್ಟಾದ ಕೋಣೆಗಳಲ್ಲಿ ಮಲಗಿದವರೂ ಅನೇಕರು.

ಮಕ್ಕಳ ಗತಿ ಏನಾಯಿತು? ಎಷ್ಟೋ ಮಕ್ಕಳು ಅಜ್ಜ ಅಜ್ಜಿಯರ ಬಳಿಯಲ್ಲಿ ಉಳಿದು, ತಾಯಿಯನ್ನು ಬೇಸಗೆಯ ರಜೆಯಲ್ಲಿ ಮಾತ್ರ ಕಂಡರು. ಸ್ವಿಟ್ಜರ್ಲೆಂಡಿನ ಸಂಗತಿಯನ್ನು ಬರೆಯುವಾಗ ನಮ್ಮ ಲೇಖನಿಯು ತಡೆಯುತ್ತದೆ. ಅಲ್ಲಿ ವರ್ಷಕ್ಕೆ ಒಂಬತ್ತು ತಿಂಗಳ ಅಪ್ಪಣೆಯ ಮೇಲೆ ಬಂದ ಕೆಲಸಗಾರರು ಕುಟುಂಬವನ್ನು ಕರೆತರಕೂಡದೆಂಬ ನಿಯಮವಿತ್ತು. ಅಗಲಿರಲಾರದೆ ಕೆಲವು ಇಟಾಲಿಯನ್, ಸ್ಪ್ಯಾನಿಷ್ ತಂದೆತಾಯಿಗಳು ಮಕ್ಕಳನ್ನು ಗುಟ್ಟಾಗಿ ಕರೆತಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ಅಳಬಾರದು, ಓಡಬಾರದು, ಕಿಟಕಿಯ ಬಳಿಗೆ ಬರಬಾರದು. ಎದುರು ಬೀದಿಯಲ್ಲಿ ಶಾಲೆಯ ಗಂಟೆ ಬಾರಿಸಿದರೂ ಅದು ಅವರಿಗಾಗಿ ಬಾರಿಸಿದ್ದಲ್ಲ. ಕಾಲಕ್ರಮದಲ್ಲಿ ಕೆಲವು ಪ್ರಾಂತಗಳು ಇಂಥ ಮಕ್ಕಳಿಗೆ ಶಾಲೆಯನ್ನು ತೆರೆದವು. ಆದರೂ ಆ ಅಪ್ಪಣೆಯ ಪದ್ಧತಿಯು ಪೂರ್ಣವಾಗಿ ಅಳಿದದ್ದು 2002ರಲ್ಲಿ.

ಜರ್ಮನಿಯಲ್ಲಿ ನಡೆದುದು ಬೇರೆ. ಅಲ್ಲಿ ಪರದೇಶದ ಮಕ್ಕಳನ್ನು ಪ್ರತ್ಯೇಕ ತರಗತಿಗಳಲ್ಲಿ ಕೂರಿಸಿ, ಅವರ ಭಾಷೆಯಲ್ಲಿಯೇ ಕಲಿಸಿ, ಮುಂದೆ ಊರಿಗೆ ಹಿಂದಿರುಗಿಸಬೇಕೆಂಬ ಆಲೋಚನೆಯು ಕೆಲವು ಪ್ರಾಂತಗಳಲ್ಲಿ ಬಲವಾಗಿತ್ತು. ತಾವೇ ಅಲ್ಪಸ್ವಲ್ಪ ಓದಿದ್ದ ಸ್ಪ್ಯಾನಿಷ್ ಕೂಲಿಕಾರರು ಇದಕ್ಕೆ ಒಪ್ಪಲಿಲ್ಲ. ಪಾದ್ರಿಗಳ ನೆರವಿನಿಂದ ಊರೂರಲ್ಲಿ ಪೋಷಕರ ಸಂಘಗಳನ್ನು ಕಟ್ಟಿ, 1973ರಲ್ಲಿ ಅವೆಲ್ಲವನ್ನೂ ಒಂದುಗೂಡಿಸಿದರು. ತಮ್ಮ ಮಕ್ಕಳು ಜರ್ಮನ್ ಮಕ್ಕಳ ಪಕ್ಕದಲ್ಲಿ ಅದೇ ಬೆಂಚಿನಲ್ಲಿ ಕೂತು ಕಲಿಯಬೇಕು, ಸ್ವಭಾಷೆಯನ್ನು ಮಧ್ಯಾಹ್ನದ ಮೇಲೆ ಬೇರೆಯಾಗಿ ಕಲಿಯಲಿ ಎಂಬುದೇ ಅವರ ಹಟ. ಮುಂದೆ ಶಾಲೆಗಳ ಫಲಿತಾಂಶವನ್ನು ಹೋಲಿಸಿ ನೋಡಿದವರಿಗೆ ವಲಸೆಗಾರರ ಮಕ್ಕಳ ಪೈಕಿ ಸ್ಪ್ಯಾನಿಷರ ಮಕ್ಕಳು ಬಹಳ ಮೇಲೆ ನಿಂತದ್ದು ಕಂಡುಬಂತು. ಉಪಾಧ್ಯಾಯಿನಿಯರಾದ ನಾವು ಇದರ ಕೀರ್ತಿಯನ್ನು ನಮ್ಮ ವೃತ್ತಿಗೆ ಸಲ್ಲಿಸಿಕೊಳ್ಳಲಾರೆವು. ಅದು ಯಂತ್ರದ ಮುಂದೆ ದಿನವಿಡೀ ನಿಂತು, ರಜಾದಿನದಲ್ಲಿ ಸಭೆಗೆ ಬಂದು, ಅರ್ಧಮರ್ಧ ತಿಳಿದ ಭಾಷೆಯಲ್ಲಿ ಶಾಲೆಯ ಮುಖ್ಯಸ್ಥರ ಸಂಗಡ ವಾದಿಸಿದ ತಂದೆತಾಯಿಗಳಿಗೆ ಸಲ್ಲತಕ್ಕದ್ದು.